ನಕ್ಷೆಯಲ್ಲಿ ಏನು ಬದಲಾಯಿತು? ಕೊಡಗಿನ ಉದ್ಯಮ ಪಾರ್ಕ್ ಮತ್ತು ಊರಿನ ಅಹವಾಲು

ಕೊಡಗಿನಲ್ಲಿ ಫೆಬ್ರುವರಿಯಲ್ಲಿ ನೋಡಿದ ಜಾಗವನ್ನು ಜುಲೈನಲ್ಲಿ ನೋಡಿದರೆ ಗುರುತು ಸಿಗುವುದು ಕಷ್ಟ. ಬೇಸಿಗೆಯಲ್ಲಿ ಒಣಗಿ ಬಿದ್ದ ಗದ್ದೆಬಯಲು, ಅದರ ಅಂಚಿನಲ್ಲಿ ಒಂದೇ ಹೆಜ್ಜೆಗೆ ದಾಟಬಹುದಾದ ತೋಡು (ಸಣ್ಣ ಹಳ್ಳ), ಆಚೆಗೆ ಮೆಲ್ಲಗೆ ಏರಿಹೋಗುವ ಬಾಣೆ (ಗದ್ದೆಗೆ ಹೊಂದಿಕೊಂಡ ಗುಡ್ಡದ ನೆಲ), ಪಕ್ಕದಲ್ಲೇ ಡಾಂಬರು ರಸ್ತೆ. ಕಟ್ಟಡ ಕಟ್ಟುವವರ ಕಣ್ಣಿಗೆ ಇದಕ್ಕಿಂತ ಅನುಕೂಲದ ನೆಲ ಸಿಗಲಾರದು. ಅದೇ ಗದ್ದೆ ಜುಲೈನಲ್ಲಿ ಸುತ್ತಲಿನ ಬಾಣೆಗಳಿಂದ ಇಳಿದ ನೀರನ್ನೆಲ್ಲ ಹಿಡಿದು ನಿಲ್ಲಿಸಿಕೊಂಡು ನಿಧಾನವಾಗಿ ಹೊಳೆಗೆ ಬಿಡುತ್ತಿರುತ್ತದೆ. ಗ್ರಾಮೀಣ ಉದ್ಯಮ ಪಾರ್ಕ್‌ನ ಪ್ರಸ್ತಾವಗಳು ಹೆಚ್ಚಾಗಿ ಮೊದಲನೆಯ ನೋಟದಿಂದ ಹುಟ್ಟುತ್ತವೆ, ಊರಿನವರ ಆಕ್ಷೇಪಗಳು ಎರಡನೆಯದರಿಂದ. ಸಮಾಲೋಚನಾ ಸಭೆಯಲ್ಲಿ ಇವೆರಡೂ ಎದುರುಬದುರಾಗುತ್ತವೆ. ಸಭೆ ಕಳೆದು ಕೆಲವು ತಿಂಗಳಿಗೆ ‘ಪರಿಷ್ಕೃತ ಯೋಜನೆ’ ಎಂಬ ಹೆಸರು ಹೊತ್ತ ಕಡತವೊಂದು ಹೊರಬರುತ್ತದೆ.

ಆ ಕಡತ ನಿಜಕ್ಕೂ ಪರಿಷ್ಕೃತವೇ ಎಂದು ಊರಿನವರು ತಿಳಿಯುವುದು ಹೇಗೆ? ಮುನ್ನುಡಿಯ ಭಾಷೆ ಮೆತ್ತಗಾಗಿದೆಯೇ, ಗಿಡ ನೆಡುವ ಭರವಸೆ ಸೇರಿದೆಯೇ ಎಂದು ನೋಡಿದರೆ ಸಾಲದು. ಹಳೆಯ ನಕ್ಷೆಯನ್ನೂ ಹೊಸ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕು. ಜಾಗ, ವಿಸ್ತೀರ್ಣ, ನೀರಿನ ದಾರಿ, ಈ ಮೂರರಲ್ಲಿ ಒಂದೂ ಕದಲಿಲ್ಲವಾದರೆ ಊರಿನವರ ಮಾತನ್ನು ಬರೆದುಕೊಂಡಿದ್ದಾರೆ, ಕೇಳಿಸಿಕೊಂಡಿಲ್ಲ ಎಂದೇ ನಾನು ಓದುತ್ತೇನೆ.

ಪಾರ್ಕ್‌ನ ಅಗತ್ಯವನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. 2001ರ ಜನಗಣತಿಯಲ್ಲಿ 5,48,561 ಇದ್ದ ಕೊಡಗಿನ ಜನಸಂಖ್ಯೆ 2011ರಲ್ಲಿ 5,54,519 ಆಗಿತ್ತು. ಅದೇ ಹತ್ತು ವರ್ಷಗಳಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ ಶೇಕಡಾ 15ಕ್ಕೂ ಹೆಚ್ಚು ಬೆಳೆದಾಗ ಕೊಡಗಿನದು ಶೇಕಡಾ ಒಂದರ ಆಸುಪಾಸಿನಲ್ಲಿ ನಿಂತಿತು. ಇದಕ್ಕೆ ಕಾರಣಗಳು ಹಲವು. ಓದು ಮುಗಿಸಿದ ಮಕ್ಕಳು ಮೈಸೂರು, ಬೆಂಗಳೂರಿನ ಬಸ್ಸು ಹತ್ತಿದರೆ ಮರಳಿ ಬರುವುದು ಹಬ್ಬಕ್ಕೆ ಮಾತ್ರ ಎಂಬುದು ಅವುಗಳಲ್ಲಿ ಎಲ್ಲರ ಮನೆಯ ಅನುಭವ. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಈ ಒಂದು ಸಣ್ಣ ಜಿಲ್ಲೆ ಬೆಳೆಯುತ್ತದೆ. ಆದರೆ ಹುರಿದು, ಪುಡಿ ಮಾಡಿ, ಪೊಟ್ಟಣ ಕಟ್ಟಿ, ಹೆಸರಿಟ್ಟು ಮಾರುವ ಹಂತದ ಲಾಭದ ಬಹುಪಾಲು ಹೊರಗಿನವರ ಕೈ ಸೇರುತ್ತದೆ. ಕರಿಮೆಣಸು, ಏಲಕ್ಕಿ, ಜೇನಿನ ಕಥೆಯೂ ಹೆಚ್ಚು ಬೇರೆಯಲ್ಲ. ಇಲ್ಲಿಯ ಬೆಳೆಗೆ ಇಲ್ಲಿಯೇ ಬೆಲೆ ಕಟ್ಟುವ ನಾಲ್ಕು ಘಟಕಗಳು, ಮಕ್ಕಳು ಊರಿನಿಂದಲೇ ಕೆಲಸ ಮಾಡಬಹುದಾದ ಒಂದು ಕಚೇರಿ ಕಟ್ಟಡ ಬೇಕು ಎನ್ನುವವರ ಮಾತು ನ್ಯಾಯವಾದದ್ದು. ಸಭೆಗಳಲ್ಲಿ ಅವರನ್ನು ‘ಏಜೆಂಟರು’ ಎಂದು ಕರೆದು ಬಾಯಿ ಮುಚ್ಚಿಸುವುದು ಸರಿಯಲ್ಲ.

ಹೀಗಿದ್ದೂ ಊರಿನವರಿಗೆ ಸಂಶಯ ಬರುವುದಕ್ಕೆ ಮುಖ್ಯ ಕಾರಣ ಕಾನೂನಿನಲ್ಲೇ ಇದೆ. ಉದ್ಯಮ ಪಾರ್ಕ್ ಎಂದರೆ ಸಾರ್ವಜನಿಕ ಅಹವಾಲು ಸಭೆ ನಡೆದೇ ತೀರುತ್ತದೆ ಎಂದು ಬಹಳ ಜನ ನಂಬಿದ್ದಾರೆ. 2006ರ ಸೆಪ್ಟೆಂಬರ್ 14ರ ಪರಿಸರ ಪ್ರಭಾವ ಮೌಲ್ಯಮಾಪನ ಅಧಿಸೂಚನೆಯನ್ನು ಬಿಡಿಸಿ ನೋಡಿದರೆ ಚಿತ್ರ ಬೇರೆ. ಅದರ ಪ್ರಕಾರ 500 ಹೆಕ್ಟೇರ್‌ಗಿಂತ, ಅಂದರೆ ಸುಮಾರು 1,235 ಎಕರೆಗಿಂತ, ಚಿಕ್ಕದಾದ ಕೈಗಾರಿಕಾ ವಸಾಹತಿನೊಳಗೆ ಅಧಿಸೂಚನೆಯ ಪಟ್ಟಿಯಲ್ಲಿರುವ ಮಾಲಿನ್ಯದ ಕೈಗಾರಿಕೆಗಳು ಬರದಿದ್ದರೆ, ವಸಾಹತಿಗೆ ಪರಿಸರ ಅನುಮತಿಯೇ ಬೇಕಿಲ್ಲ. ಇನ್ನು ಕಚೇರಿ, ಗೋದಾಮುಗಳ ಸಮುಚ್ಚಯವೆಂದು ತೋರಿಸಿದರೆ ಅದು ಕಟ್ಟಡ ನಿರ್ಮಾಣದ ವರ್ಗಕ್ಕೆ ಸೇರುತ್ತದೆ. 20,000 ಚದರ ಮೀಟರ್ ದಾಟಿದ ನಿರ್ಮಾಣಕ್ಕೆ ಪೂರ್ವಾನುಮತಿ ಬೇಕಾದರೂ, ಆ ವರ್ಗಕ್ಕೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ಇದೆ. ಕೊಡಗಿನಂತಹ ಜಿಲ್ಲೆಯಲ್ಲಿ 1,235 ಎಕರೆಯ ಪಾರ್ಕನ್ನು ಯಾರೂ ಕೇಳುವುದಿಲ್ಲ. ಕೇಳುವುದು ಮೂವತ್ತು, ಐವತ್ತು, ನೂರು ಎಕರೆ. ಹಾಗಾಗಿ ಇಲ್ಲಿಗೆ ಬರಬಹುದಾದ ಬಹುತೇಕ ಯೋಜನೆಗಳು ಕಡ್ಡಾಯ ಅಹವಾಲಿನ ಜರಡಿಯಿಂದ ಮೊದಲೇ ಜಾರಿಹೋಗುವಷ್ಟು ಸಣ್ಣವು, ಆದರೆ ಒಂದು ಊರಿನ ನೀರು, ದಾರಿ, ದುಡಿಮೆಯನ್ನು ಅಲುಗಾಡಿಸುವಷ್ಟು ದೊಡ್ಡವು.

ಇನ್ನೊಂದು ದಾರಿ 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯದು. ಅದರ 28ನೆಯ ಪ್ರಕರಣದಡಿ ಮೊದಲು ಪ್ರಾಥಮಿಕ ಅಧಿಸೂಚನೆ ಹೊರಡುತ್ತದೆ. ಬಳಿಕ ಮಾಲೀಕರಿಗೆ, ಅನುಭವದಲ್ಲಿ ಇರುವವರಿಗೆ, ಜಮೀನಿನಲ್ಲಿ ಹಿತಾಸಕ್ತಿ ಉಳ್ಳವರಿಗೆ ನೋಟಿಸ್ ಕೊಟ್ಟು, 30 ದಿನಗಳೊಳಗೆ ಆಕ್ಷೇಪ ಹೇಳಲು ಅವಕಾಶ ನೀಡಿ, ವಿಚಾರಣೆ ನಡೆಸಿ, ಅಂತಿಮ ಅಧಿಸೂಚನೆ ಹೊರಡಿಸುತ್ತಾರೆ. ಇದು ಅಹವಾಲೇ ಹೌದು. ಆದರೆ ಇದರ ಕ್ರಮವನ್ನು ಗಮನಿಸಬೇಕು. ಊರಿನವರು ಬಾಯಿ ತೆರೆಯುವ ಹೊತ್ತಿಗೆ ಸರ್ವೆ ನಂಬರುಗಳು ರಾಜ್ಯಪತ್ರದಲ್ಲಿ ಅಚ್ಚಾಗಿರುತ್ತವೆ. ಎಲ್ಲಿ, ಎಷ್ಟು ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಬರೆದಾದ ಮೇಲೆ ಉಳಿಯುವುದು ಪರಿಹಾರ ಎಷ್ಟು ಎಂಬ ಮೂರನೆಯ ಪ್ರಶ್ನೆ, ಮತ್ತು ಅದನ್ನು ಕೇಳಲು ಬರುವುದು ಹೆಚ್ಚಾಗಿ ಪಹಣಿಯಲ್ಲಿ ಹೆಸರಿದ್ದವರಿಗೆ. ಕೆಳಗಿನ ಗದ್ದೆಯವರ ತೋಡಿಗೆ ಏನಾಗುತ್ತದೆ ಎಂದು ಕೇಳಲು ಆ ನೋಟಿಸಿನಲ್ಲಿ ಜಾಗವಿಲ್ಲ. ಖಾಸಗಿಯವರು ಜಮೀನನ್ನು ನೇರವಾಗಿ ಕೊಂಡು ಭೂಪರಿವರ್ತನೆ ಮಾಡಿಸಿಕೊಂಡು, 15 ಕೋಟಿ ರೂಪಾಯಿವರೆಗಿನ ಹೂಡಿಕೆಯಾದರೆ ಜಿಲ್ಲಾ ಮಟ್ಟದ ಏಕಗವಾಕ್ಷಿ ಸಮಿತಿಯ ಮುಂದೆ ಹೋದರಂತೂ ಇಷ್ಟೂ ಇಲ್ಲ.

ಗ್ರಾಮಸಭೆ ಇದೆಯಲ್ಲ ಎಂದು ಕೇಳಬಹುದು. ಗ್ರಾಮಸಭೆಯ ನಿರ್ಣಯಕ್ಕೆ ನೈತಿಕ ತೂಕವಿದೆ, ರಾಜಕೀಯ ತೂಕವೂ ಇದೆ. ಆದರೆ ಕರ್ನಾಟಕದಲ್ಲಿ ಸಂವಿಧಾನದಲ್ಲಿ ಆದಿವಾಸಿ ಪ್ರದೇಶಗಳಿಗೆಂದು ಇರುವ ಐದನೆಯ ಅನುಸೂಚಿಗೆ ಸೇರಿದ ಪ್ರದೇಶಗಳಿಲ್ಲದ ಕಾರಣ, ಅಂತಹ ಪ್ರದೇಶಗಳ ಗ್ರಾಮಸಭೆಗಳಿಗೆ ಭೂಸ್ವಾಧೀನದ ಮುಂಚೆ ಸಮಾಲೋಚನೆಯ ಹಕ್ಕು ಕೊಟ್ಟ 1996ರ ಕಾಯ್ದೆ ಇಲ್ಲಿ ಅನ್ವಯಿಸುವುದಿಲ್ಲ. ಯರವರೂ ಜೇನುಕುರುಬರೂ ಬೆಟ್ಟಕುರುಬರೂ ಬದುಕುವ ಕೊಡಗಿನ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ.

ಸಮಾಲೋಚನೆಯನ್ನು ತಡಮಾಡಿದರೆ ಸರ್ಕಾರಕ್ಕೂ ನಷ್ಟ ಎಂಬುದಕ್ಕೆ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ಈಚಿನ ಉದಾಹರಣೆ. ಅಲ್ಲಿ 13 ಹಳ್ಳಿಗಳ 1,777 ಎಕರೆಗೆ ಹೊರಟ ಸ್ವಾಧೀನದ ವಿರುದ್ಧ ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. ನಡುವೆ ಒಂದಷ್ಟು ಭಾಗವನ್ನು ಕೈಬಿಡುವ ಪ್ರಸ್ತಾವ ಬಂದರೂ ಒಪ್ಪಲಿಲ್ಲ. ಕೊನೆಗೆ 2025ರ ಜುಲೈ 15ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸ್ವಾಧೀನವನ್ನು ಕೈಬಿಡುವುದಾಗಿ ಘೋಷಿಸಿದರು. ರೈತರ ಗೆಲುವನ್ನು ನಾನು ಸಂತೋಷದಿಂದಲೇ ಕಂಡೆ. ಆದರೂ ಒಂದು ಮಾತು ಉಳಿಯುತ್ತದೆ. ಎಲ್ಲವನ್ನೂ ತೆಗೆದುಕೊಳ್ಳುವುದು, ಇಲ್ಲವೇ ಎಲ್ಲವನ್ನೂ ಬಿಡುವುದು, ಈ ಎರಡರ ನಡುವೆ ಯಾವ ಊರಿಗೆ ಎಷ್ಟು ಸರಿಹೊಂದುತ್ತದೆ ಎಂದು ಕೂತು ಮಾತಾಡಿ ತಿದ್ದುವ ಅಭ್ಯಾಸ ನಮ್ಮ ವ್ಯವಸ್ಥೆಗೆ ಇನ್ನೂ ಬಂದಿಲ್ಲ. ಒಮ್ಮೆ ನಂಬಿಕೆ ಮುರಿದ ಮೇಲೆ ಎಕರೆಗಳನ್ನು ಕಡಿಮೆ ಮಾಡಿದರೂ ಅದು ರಿಯಾಯಿತಿಯಂತೆ ಕಾಣುತ್ತದೆಯೇ ಹೊರತು ಉತ್ತರದಂತೆ ಕಾಣುವುದಿಲ್ಲ.

ಈಗ ಕೊಡಗಿನ ನಕ್ಷೆಗೆ ಬರೋಣ. ಇಲ್ಲಿ ಮೊದಲು ತಿದ್ದಬೇಕಾದದ್ದು ನೀರಿನ ಲೆಕ್ಕ. ಅರವತ್ತು ಎಕರೆಯ ಒಂದು ಪಾರ್ಕ್ ಎಂದು ಇಟ್ಟುಕೊಳ್ಳೋಣ. ಅದರಲ್ಲಿ ಸೂರು, ಒಳರಸ್ತೆ, ವಾಹನ ನಿಲ್ದಾಣ ಸೇರಿ ಇಪ್ಪತ್ತು ಎಕರೆ ಗಟ್ಟಿ ನೆಲವಾಗುತ್ತದೆ ಎನ್ನೋಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಲೀಟರ್ ನೀರು. ಮಳೆಗಾಲದಲ್ಲಿ ಜಿಲ್ಲೆಯ ಪಶ್ಚಿಮ ಭಾಗಕ್ಕೆ ಅಪರೂಪವಲ್ಲದ 100 ಮಿಲಿಮೀಟರ್ ಮಳೆ ಒಂದೇ ದಿನ ಸುರಿದರೆ ಆ ಇಪ್ಪತ್ತು ಎಕರೆಯ ಮೇಲೆ ಬೀಳುವುದು ಸುಮಾರು 80 ಲಕ್ಷ ಲೀಟರ್. ಮೊದಲು ತರಗೆಲೆ, ಬೇರು, ಗದ್ದೆಯ ಕೆಸರು ಸೇರಿ ಹೀರಿಕೊಂಡೋ ತಡೆದೋ ನಿಧಾನ ಮಾಡುತ್ತಿದ್ದ ನೀರಿನ ಬಹುಪಾಲು ಈಗ ಗಂಟೆಗಳೊಳಗೆ ಒಂದೇ ತೋಡಿಗೆ ನುಗ್ಗುತ್ತದೆ. ಕೆಳಗೆ ಇರುವುದು ಯಾರ ಗದ್ದೆ, ಯಾರ ಮನೆ, ಯಾವ ಮೋರಿ? ಪ್ರಸ್ತಾವದ ನಕ್ಷೆ ಸಾಮಾನ್ಯವಾಗಿ ಪಾರ್ಕ್‌ನ ಗಡಿಗೆ ಬಂದು ನಿಂತುಬಿಡುತ್ತದೆ, ನೀರು ನಿಲ್ಲುವುದಿಲ್ಲ. ಪರಿಷ್ಕೃತ ನಕ್ಷೆಯು ತೋಡು ಹೊಳೆ ಸೇರುವವರೆಗಿನ ದಾರಿಯನ್ನು ತೋರಿಸಬೇಕು, ಗದ್ದೆಯನ್ನು ಗದ್ದೆಯಾಗಿಯೇ ಬಿಡಬೇಕು, ನೀರು ಇಂಗಿಸಲು ಬಿಟ್ಟ ಜಾಗವನ್ನು ‘ಹಸಿರು ವಲಯ’ ಎಂಬ ಸಡಿಲ ಪದದಲ್ಲಿ ಮುಚ್ಚಿಡದೆ ಸರ್ವೆ ನಂಬರಿನೊಂದಿಗೆ ಗುರುತಿಸಬೇಕು.

ಮಣ್ಣಿನ ಪ್ರಶ್ನೆ ಇದಕ್ಕೆ ಅಂಟಿಕೊಂಡೇ ಬರುತ್ತದೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಮುಕ್ಕೋಡ್ಲು ಕಡೆ ಗುಡ್ಡಗಳು ಇಳಿದುಬಂದದ್ದನ್ನು, 2019ರಲ್ಲಿ ತೋರ ಗ್ರಾಮದಲ್ಲಿ, 2020ರಲ್ಲಿ ತಲಕಾವೇರಿಯಲ್ಲಿ ಅದೇ ಮರುಕಳಿಸಿದ್ದನ್ನು ಕಂಡ ಜಿಲ್ಲೆ ಇದು. ಅತಿಮಳೆಯ ಜೊತೆಗೆ ಇಳಿಜಾರನ್ನು ಕಡಿದು ಮಟ್ಟಮಾಡಿದ್ದೂ ಕುಸಿತಕ್ಕೆ ಕಾರಣವೆಂದು 2018ರ ಬಳಿಕ ಭೂವಿಜ್ಞಾನಿಗಳು ಎತ್ತಿ ಹೇಳಿದ್ದರು. ಮನೆಯ ಹಿಂದಿನ ಬರೆ (ಗುಡ್ಡ ಕಡಿದಾಗ ನಿಲ್ಲುವ ಕಡಿದಾದ ಮಣ್ಣಿನ ಗೋಡೆ) ಜರಿಯುವುದೆಂದರೆ ಏನೆಂದು ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ದೊಡ್ಡ ಗೋದಾಮಿಗೆ ದೊಡ್ಡ ಸಮತಟ್ಟು ನೆಲ ಬೇಕು, ಬಾಣೆಯಲ್ಲಿ ಅದನ್ನು ಪಡೆಯಬೇಕಾದರೆ ದೊಡ್ಡ ಬರೆ ಕಡಿಯಬೇಕು. ಆದ್ದರಿಂದ ಒಂದೇ ದೊಡ್ಡ ಸೂರಿನ ಬದಲು ನೆಲದ ಏರಿಳಿತಕ್ಕೆ ತಕ್ಕಂತೆ ಚಿಕ್ಕ ಚಿಕ್ಕ ಕಟ್ಟಡಗಳನ್ನು ಕೇಳುವುದು, ಎಷ್ಟು ಮೀಟರ್‌ಗಿಂತ ಎತ್ತರದ ಬರೆ ಕಡಿಯಕೂಡದು ಎಂಬ ಮಿತಿಯನ್ನು ಯೋಜನೆಯಲ್ಲೇ ಬರೆಸುವುದು ಊರಿನವರ ಹಠವಲ್ಲ, ಅನುಭವ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳು 2014ರಿಂದ ಮತ್ತೆ ಮತ್ತೆ ಹೊರಟಿವೆ. ಕೊಡಗಿನ 55 ಗ್ರಾಮಗಳು ಆ ಪಟ್ಟಿಯಲ್ಲಿ ಬಂದವು. 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚಿನ ಹೊಸ ನಿರ್ಮಾಣಕ್ಕೆ ಅಲ್ಲಿ ನಿಷೇಧವನ್ನು ಸೂಚಿಸಲಾಗಿದೆ. ರಾಜ್ಯ ಸಚಿವ ಸಂಪುಟ 2024ರ ಸೆಪ್ಟೆಂಬರ್‌ನಲ್ಲಿ ಈ ಕರಡುಗಳಿಗೆ ಆಧಾರವಾದ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು. ಆ ವಾದದಲ್ಲಿ ಯಾರು ಯಾವ ಕಡೆ ಇದ್ದರೂ ಸರಿ, ಪಟ್ಟಿಯ ಹೊರಗಿರುವ ಗುಡ್ಡವೂ ಕುಸಿಯುತ್ತದೆ ಎಂಬುದು ಮರೆಯಬಾರದ ಮಾತು.

ಹಾಗಾದರೆ ಜಾಗ ಯಾವುದು? ಪೂರ್ವದ ಕುಶಾಲನಗರದ ಕಡೆ ನೆಲ ಸಮತಟ್ಟು, ಮಳೆ ಕಡಿಮೆ, ಮೈಸೂರಿನ ಹೆದ್ದಾರಿ ಹತ್ತಿರ. ಕೂಡ್ಲೂರಿನಲ್ಲಿ ಕೈಗಾರಿಕಾ ಪ್ರದೇಶ ಮೊದಲೇ ಇದೆ, ಕಾಫಿ ಸಂಸ್ಕರಣೆಯ ಘಟಕಗಳೂ ಇವೆ. ಹೊಸ ಜಮೀನು ಕೇಳುವ ಯಾವುದೇ ಪ್ರಸ್ತಾವವು ಮೊದಲು ಹೇಳಬೇಕಾದದ್ದು, ಇರುವ ಕೈಗಾರಿಕಾ ಪ್ರದೇಶದಲ್ಲಿ ಹಂಚಿಕೆಯಾಗಿಯೂ ಖಾಲಿ ಬಿದ್ದ ನಿವೇಶನಗಳು ಎಷ್ಟು, ಅವು ಯಾಕೆ ಸಾಲವು ಎಂಬುದನ್ನು. ಪೂರ್ವಕ್ಕೆ ಹೋದ ಮಾತ್ರಕ್ಕೆ ಎಲ್ಲವೂ ಬಗೆಹರಿಯುವುದಿಲ್ಲ ಎಂಬುದೂ ನಿಜ. 2018 ಮತ್ತು 2019ರಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿದ್ದನ್ನು ಅಲ್ಲಿಯ ಜನ ಮರೆತಿಲ್ಲ.

ಜಮೀನಿನ ಹಕ್ಕಿನ ವಿಷಯಕ್ಕೆ ಬಂದರೆ ಕೊಡಗಿನದು ಬೇರೆಯದೇ ವ್ಯಾಕರಣ. ವಂಶಪಾರಂಪರ್ಯವಾಗಿ ಬಂದ ಜಮ್ಮಾ ಗದ್ದೆಗೆ ಸೊಪ್ಪು, ಸೌದೆ, ಮೇವಿಗಾಗಿ ಹೊಂದಿಕೊಂಡು ಬಂದದ್ದು ಬಾಣೆ. ಅದು ಒಬ್ಬರ ಆಸ್ತಿ ಎನ್ನುವುದಕ್ಕಿಂತ ಒಂದು ಒಕ್ಕದ, ಅಂದರೆ ಇಡೀ ಮನೆತನದ, ಆಸ್ತಿ. ದಾಖಲೆಯಲ್ಲಿ ಎಂದೋ ತೀರಿಕೊಂಡ ಪಟ್ಟೆದಾರರ ಹೆಸರೇ ಮುಂದುವರಿದಿರುವ ಜಮೀನುಗಳು ಇನ್ನೂ ಇವೆ. ಅಂತಹ ಕಡೆ ನೋಟಿಸ್ ಯಾರ ಕೈಗೆ ಸೇರುತ್ತದೆ, ಒಪ್ಪಿಗೆ ಯಾರದ್ದೆಂದು ಬರೆದುಕೊಳ್ಳುತ್ತಾರೆ? ಮಡಿಕೇರಿಯಲ್ಲೋ ಬೆಂಗಳೂರಿನಲ್ಲೋ ನೆಲೆಸಿದ ಒಬ್ಬ ಪಾಲುದಾರ ಸಹಿ ಹಾಕಿದರೆ ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಉಳಿದು ಗದ್ದೆ ಮಾಡುತ್ತಿರುವವನ ಮಾತು ಎಲ್ಲಿ ಹೋಗುತ್ತದೆ? ಈ ತೊಡಕಿಗೆ ಹೆದರಿ ಯೋಜಕರ ಕಣ್ಣು ಸಹಜವಾಗಿಯೇ ಪೈಸಾರಿಯ ಕಡೆ ಹೊರಳುತ್ತದೆ. ಸರ್ಕಾರಿ ನೆಲ, ಪರಿಹಾರದ ಗೊಡವೆ ಇಲ್ಲ. ಆದರೆ ಕಾಗದದಲ್ಲಿ ಖಾಲಿಯಾಗಿ ಕಾಣುವ ಪೈಸಾರಿಯಲ್ಲಿ ಗುಡಿಸಲು ಕಟ್ಟಿಕೊಂಡವರು ಇರುತ್ತಾರೆ, ದನ ಮೇಯಿಸುವವರು ಇರುತ್ತಾರೆ, ತೋಟದ ಕಾರ್ಮಿಕರ ಲೈನ್ ಮನೆ ಬಿಟ್ಟು ಸ್ವಂತ ಸೂರಿಗಾಗಿ ಅರ್ಜಿ ಹಾಕಿ ಕಾದವರು ಇರುತ್ತಾರೆ. 2016ರ ಡಿಸೆಂಬರ್‌ನಲ್ಲಿ ದಿಡ್ಡಳ್ಳಿಯಲ್ಲಿ ಆದಿವಾಸಿ ಕುಟುಂಬಗಳನ್ನು ತೆರವುಗೊಳಿಸಿದಾಗ ಎದ್ದ ನೋವು ಇನ್ನೂ ಆರಿಲ್ಲ. ನಿವೇಶನಕ್ಕೆ ನೆಲವಿಲ್ಲ ಎಂದು ಒಂದು ಕಡೆ ಹೇಳಿ, ಪಾರ್ಕ್‌ಗೆ ನೆಲವಿದೆ ಎಂದು ಇನ್ನೊಂದು ಕಡೆ ತೋರಿಸುವ ಪ್ರಸ್ತಾವ ಎಷ್ಟೇ ಒಳ್ಳೆಯದಿರಲಿ, ಸಭೆಯಲ್ಲಿ ನಿಲ್ಲಲಾರದು, ನಿಲ್ಲಲೂಬಾರದು. ಊರುಡುವೆ (ಊರಿನವರ ಸಾಮೂಹಿಕ ಕಾಡು) ಮತ್ತು ದೇವರಕಾಡುಗಳ ವಿಷಯದಲ್ಲಿ ಚರ್ಚೆಗೇ ಜಾಗವಿಲ್ಲ. ಅವನ್ನು ಮೊದಲ ಕರಡಿನಲ್ಲೇ ಹೊರಗಿಡಬೇಕು.

ಆನೆಯ ಮಾತು ಎತ್ತಿದಾಗ ಯೋಜಕರು ಬೇಲಿ ಹಾಕುತ್ತೇವೆ ಎನ್ನುತ್ತಾರೆ. ಆನೆಕಾಡು, ದುಬಾರೆ, ಮಾಲ್ದಾರೆ, ತಿತಿಮತಿ ಕಡೆಯವರಿಗೆ ಗೊತ್ತಿರುವಂತೆ, ಬೇಲಿ ಆನೆಯನ್ನು ನಿಲ್ಲಿಸುವುದಿಲ್ಲ, ಪಕ್ಕದವರ ತೋಟಕ್ಕೆ ತಿರುಗಿಸುತ್ತದೆ. ಪಾರ್ಕ್‌ನ ಆವರಣ ಸುರಕ್ಷಿತವಾಯಿತು ಎಂದರೆ ಬೆಳಗಿನ ಜಾವ ಕೆಲಸಕ್ಕೆ ನಡೆದು ಹೋಗುವ ಕಾರ್ಮಿಕರ ದಾರಿಯಲ್ಲಿ ಅಪಾಯ ಹೆಚ್ಚಿತು ಎಂದೂ ಆಗಬಹುದು. ಆನೆ ಓಡಾಡುವ ದಾರಿಯನ್ನು ಅರಣ್ಯ ಇಲಾಖೆಯ ಕಡತದಿಂದ ಮಾತ್ರ ತೆಗೆಯದೆ, ಅಕ್ಕಪಕ್ಕದ ನಾಲ್ಕು ಊರಿನವರನ್ನು ಕೇಳಿ ಗುರುತಿಸಿ, ಆ ನೆಲದ ಪಟ್ಟಿಯನ್ನು ಖಾಲಿ ಬಿಡುವುದೊಂದೇ ಇದಕ್ಕೆ ಸಲ್ಲುವ ತಿದ್ದುಪಡಿ.

ಪಾರ್ಕ್‌ನೊಳಗೆ ಏನು ಬರುತ್ತದೆ ಎಂಬುದು ಎಷ್ಟು ಎಕರೆ ಎಂಬಷ್ಟೇ ಮುಖ್ಯ. ‘ಸ್ಥಳೀಯರಿಗೆ ಉದ್ಯೋಗ’ ಎಂಬ ಮಾತಿಗೆ ಸಭೆಯಲ್ಲಿ ಚಪ್ಪಾಳೆ ಬೀಳುತ್ತದೆ, ಆದರೆ ಸ್ಥಳೀಯ ಯಾರು? 2024ರ ಜುಲೈನಲ್ಲಿ ಸಚಿವ ಸಂಪುಟ ಒಪ್ಪಿ, ಬೆನ್ನಲ್ಲೇ ತಡೆಹಿಡಿದ ಉದ್ಯೋಗ ಮೀಸಲಾತಿ ಮಸೂದೆಯಲ್ಲಿ ಸ್ಥಳೀಯರೆಂದರೆ ಇಡೀ ರಾಜ್ಯದವರು. ರಾಜ್ಯದ ಮಟ್ಟದಲ್ಲಿ ಅದು ಸರಿಯಿರಬಹುದು. ಒಂದು ಪಂಚಾಯಿತಿಯ ನೆಲ ಕೇಳುವಾಗ ಆ ಪದ ಏನನ್ನೂ ಹೇಳುವುದಿಲ್ಲ. ನನ್ನ ಮಟ್ಟಿಗೆ ಹೆಚ್ಚು ನಂಬಬಹುದಾದ ಭರವಸೆ ಉದ್ಯೋಗದ ಸಂಖ್ಯೆಯದ್ದಲ್ಲ, ಘಟಕದ ಸ್ವರೂಪದ್ದು. ಐದು ಎಕರೆ ತೋಟದವರು ತಮ್ಮ ಕಾಫಿಯನ್ನು ತಂದು ಬಾಡಿಗೆಗೆ ಹುರಿಸಿಕೊಳ್ಳಬಹುದಾದ ಯಂತ್ರ, ಮಹಿಳಾ ಸ್ವಸಹಾಯ ಸಂಘಗಳಿಗೆ ಮೀಸಲಾದ ಸಣ್ಣ ಮಳಿಗೆಗಳು, ಮೆಣಸು ಒಣಗಿಸಿ ವಿಂಗಡಿಸುವ ವ್ಯವಸ್ಥೆ, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋದಾಗಲೂ ಕೈಕೊಡದ ಇಂಟರ್‌ನೆಟ್ ಇರುವ ಕಚೇರಿ ಕೊಠಡಿಗಳು. ಇವಕ್ಕೆ ಅರವತ್ತು ಎಕರೆ ಬೇಕಿಲ್ಲ. ಪಾರ್ಕ್‌ನ ಗಾತ್ರ ದೊಡ್ಡದಾಗುವುದು ಬಹಳ ಸಲ ಹೊರಗಿನ ಸರಕಿನ ಗೋದಾಮು ಮತ್ತು ಮುಂದೊಂದು ದಿನ ಮಾರಬಹುದಾದ ನಿವೇಶನಗಳಿಂದ. ಪರಿಷ್ಕರಣೆಯಲ್ಲಿ ಮೊದಲು ಕೈಬಿಡಬೇಕಾದದ್ದು ಅವನ್ನೇ.

ಸಭೆ ನಡೆಸುವ ಬಗೆಯೂ ಫಲಿತಾಂಶವನ್ನು ತೀರ್ಮಾನಿಸುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಕಾಫಿ ಕೊಯ್ಲು. ಆ ದಿನಗಳಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಕರೆದರೆ ತೋಟದಲ್ಲಿ ದುಡಿಯುವವರು ಬರಲಾರರು, ಬಂದರೆ ಆ ದಿನದ ಕೂಲಿ ಹೋಯಿತು. ನಾಟಿ ಮುಗಿದು ಸೆಪ್ಟೆಂಬರ್‌ನ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ, ಸುಗ್ಗಿಯ ಹಬ್ಬವಾದ ಪುತ್ತರಿಗೆ ಮುಂಚೆ, ಜನರಿಗೆ ಸ್ವಲ್ಪ ಬಿಡುವು ಸಿಗುತ್ತದೆ. ಅದಕ್ಕೂ ಮೊದಲು, ಸುರಿಯುವ ಜುಲೈನಲ್ಲಿ, ಯೋಜನೆ ಬರೆದವರು ಊರಿನವರೊಂದಿಗೆ ಆ ಜಾಗವನ್ನು ಒಮ್ಮೆ ನಡೆದು ನೋಡಬೇಕು. ಕೊಡೆ ಹಿಡಿದು ಎರಡು ಗಂಟೆ ನಡೆದರೆ ಕಾಣುವುದು ನೂರು ಪುಟದ ವರದಿಯಲ್ಲಿ ಕಾಣುವುದಿಲ್ಲ. ಕಡತ ಇಂಗ್ಲಿಷಿನಲ್ಲಿ, ಸಾರಾಂಶ ಮಾತ್ರ ಕನ್ನಡದಲ್ಲಿ ಎಂಬ ರೂಢಿ ಬದಲಾಗಬೇಕು. ಒಂದೇ ಊರಿನಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಯರವರ ಮಾತು ಕೇಳಿಬರುವ ಕಡೆ ಬರೆದ ಆಕ್ಷೇಪಗಳನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಅಕ್ಷರ ಬಲ್ಲವರ ದನಿ ಮಾತ್ರ ಉಳಿಯುತ್ತದೆ. ನಾನು ಕೂತು ಕೇಳಿದ ಸಭೆಗಳಲ್ಲಿ ಮುಂದಿನ ಸಾಲಿನ ಕುರ್ಚಿಗಳು ತೋಟದ ಮಾಲೀಕರಿಗೆ, ಬಾಗಿಲ ಬಳಿ ನಿಲ್ಲುವುದು ಲೈನ್ ಮನೆಯವರಿಗೆ ಎಂಬುದು ಯಾರೂ ಹೇಳದೆಯೇ ಆಗಿಹೋಗುತ್ತದೆ. ಲೈನ್ ಮನೆಗಳಿರುವ ಕಡೆಯೇ ಸಂಜೆ ಹೊತ್ತು ಪ್ರತ್ಯೇಕ ಸಭೆ ಕರೆಯುವುದಕ್ಕೆ ಯಾವ ಕಾನೂನೂ ಅಡ್ಡಿಯಲ್ಲ.

ಎಲ್ಲ ಆಕ್ಷೇಪಗಳನ್ನೂ ಒಪ್ಪಿಕೊಳ್ಳಲು ಯಾವ ಯೋಜನೆಗೂ ಆಗುವುದಿಲ್ಲ, ಕೆಲವು ಆಕ್ಷೇಪಗಳು ಒಂದಕ್ಕೊಂದು ವಿರುದ್ಧವಾಗಿಯೂ ಇರುತ್ತವೆ. ರಸ್ತೆ ಅಗಲವಾಗಲಿ ಎನ್ನುವವರೂ, ರಸ್ತೆ ಬದಿಯ ಮರ ಉಳಿಯಲಿ ಎನ್ನುವವರೂ ಒಂದೇ ಊರಿನವರು. ಅದಕ್ಕಾಗಿಯೇ ಪರಿಷ್ಕೃತ ಯೋಜನೆಯ ಜೊತೆಗೆ, ಸಭೆಯಲ್ಲಿ ಬಂದ ಪ್ರತಿಯೊಂದು ಆಕ್ಷೇಪಕ್ಕೂ ಉತ್ತರ ಬರೆದ ಪಟ್ಟಿ ಬೇಕು: ಇದನ್ನು ಒಪ್ಪಿದ್ದೇವೆ, ನಕ್ಷೆಯಲ್ಲಿ ಇಲ್ಲಿ ತಿದ್ದಿದ್ದೇವೆ, ಇದನ್ನು ಒಪ್ಪಿಲ್ಲ, ಕಾರಣ ಇಂತಹದು. ತನ್ನ ಮಾತು ಯಾಕೆ ಬಿದ್ದುಹೋಯಿತು ಎಂದು ತಿಳಿದವನು ಯೋಜನೆಯನ್ನು ವಿರೋಧಿಸಬಹುದು, ಆದರೆ ತನ್ನನ್ನು ಕಡೆಗಣಿಸಿದರು ಎನ್ನಲಾರ. ಆ ಪಟ್ಟಿಯೂ ಹೊಸ ನಕ್ಷೆಯೂ ಅದೇ ಗ್ರಾಮಸಭೆಗೆ ಎರಡನೆಯ ಬಾರಿ ಬರಬೇಕು, ಮತ್ತು ಇದೆಲ್ಲ 28ನೆಯ ಪ್ರಕರಣದ ಪ್ರಾಥಮಿಕ ಅಧಿಸೂಚನೆಗೆ ಮುಂಚೆಯೇ, ಅಥವಾ ಖಾಸಗಿಯವರಾದರೆ ಭೂಪರಿವರ್ತನೆಯ ಅರ್ಜಿಗೆ ಮುಂಚೆಯೇ ಮುಗಿಯಬೇಕು. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ. ಜಿಲ್ಲಾಡಳಿತ ಮತ್ತು ಕೈಗಾರಿಕಾ ಇಲಾಖೆ ಮನಸ್ಸು ಮಾಡಿದರೆ ಇಂದಿನ ನಿಯಮಗಳೊಳಗೇ ಸಾಧ್ಯ.

ಕೊನೆಗೆ ಉಳಿಯುವುದು ಒಪ್ಪಿದ ಮಾತನ್ನು ಎಲ್ಲಿ ಬರೆದಿಡುತ್ತಾರೆ ಎಂಬ ಪ್ರಶ್ನೆ. ಸಭೆಯ ನಡಾವಳಿಯಲ್ಲಿ ಬರೆದ ಷರತ್ತು ಅಧಿಕಾರಿ ವರ್ಗವಾದ ದಿನವೇ ಹಳೆಯದಾಗುತ್ತದೆ. ಬರೆಯ ಎತ್ತರದ ಮಿತಿ, ಖಾಲಿ ಬಿಟ್ಟ ಆನೆದಾರಿ, ತುಂಬಬಾರದ ಗದ್ದೆ, ಗೋದಾಮಿಗೆ ಬದಲಾಯಿಸಬಾರದ ಮಳಿಗೆಗಳು, ಇವು ಭೂಪರಿವರ್ತನೆಯ ಆದೇಶದಲ್ಲಿ, ನಿವೇಶನ ಹಂಚಿಕೆಯ ಪತ್ರದಲ್ಲಿ, ಗುತ್ತಿಗೆಯ ಕರಾರಿನಲ್ಲಿ ಷರತ್ತುಗಳಾಗಿ ಬರಬೇಕು. ಮುರಿದರೆ ಹಂಚಿಕೆ ರದ್ದಾಗುತ್ತದೆ ಎಂಬ ಸಾಲೂ ಅದರೊಂದಿಗೆ ಇರಬೇಕು. ಅದರ ಒಂದು ಪ್ರತಿಯನ್ನು ಕನ್ನಡದಲ್ಲಿ, ನಕ್ಷೆಯ ಸಮೇತ, ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಬೇಕು. ಮುಂದಿನ ಜುಲೈನಲ್ಲಿ ತೋಡು ಉಕ್ಕಿ ಗದ್ದೆಗೆ ಮಣ್ಣು ಬಂದಾಗ ಕೆಳಗಿನ ಮನೆಯವರು ಬೆರಳಿಟ್ಟು ತೋರಿಸಲು ಅಲ್ಲೊಂದು ಗೆರೆ ಇರಬೇಕು.